ಯೂಟ್ರೆಕ್ಟಿನಲ್ಲಿ ಮನೆತನ ವಿಚಾರಿಸಿದ್ದು

ಹರಿಹರ

ನೆದರ್‌ಲ್ಯಾಂಡ್ಸಿಗೆ ಹೋಗಿ ಬಂದವರೆಲ್ಲ ಹೂವಿನ ತೋಟದ ಫೋಟೋ ತೋರಿಸುತ್ತಾರೆ. ನನ್ನ ಫೋನಿನಲ್ಲಿ ಅಂಥದ್ದು ಒಂದೂ ಇಲ್ಲ. ಇರುವುದು ನಮ್ಮ ಹಾಲಮ್ಮ ಚಿಗವ್ವ ಒಂದು ಸೈಕಲ್ ರಿಪೇರಿ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತು, ಹಲ್ಲಿಗೆ ಅಂಟಿದ ಬಿಸ್ಕತ್ತನ್ನು ನಾಲಿಗೆಯಿಂದ ಬಿಡಿಸುತ್ತಿರುವ ಫೋಟೋ. ಬೇರೆ ಊರು ನೋಡಲಿಲ್ಲವಾ ಎಂದು ಕೇಳುವವರಿಗೆ ಅದನ್ನೇ ತೋರಿಸುತ್ತೇನೆ.

ನಾನು ಬಕ್ಕೇಶ. ದಾವಣಗೆರೆಯಲ್ಲಿ ನನ್ನದೊಂದು ಮೈಕ್‌ಸೆಟ್ ಅಂಗಡಿ. ಆಟೋಕ್ಕೆ ಮೈಕ್ ಕಟ್ಟಿಕೊಂಡು ಬೀದಿ ಬೀದಿ ಒದರಿದವನು. ಸೀರೆ ಸೇಲು, ಸರ್ಕಸ್ಸು, ಕಳೆದುಹೋದ ಎಮ್ಮೆ, ತೀರಿಹೋದ ಹಿರಿಯರು, ಎಲ್ಲ ನನ್ನ ಗಂಟಲಿನಿಂದಲೇ ಊರಿಗೆ ತಲುಪಬೇಕಿತ್ತು. ನನ್ನ ಹೆಂಡತಿ ಸುಮ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಒಂದು ದಿನ ಅವಳು, "ಈ ಒದರಾಟ ಫೋನಿಗೆ ಹಾಕಿದ್ರೆ ಪೆಟ್ರೋಲಾದ್ರೂ ಉಳಿತೈತೆ" ಅಂದಳು. ಅಂದು ಸುಮ್ಮನಾಗಲಿಲ್ಲ, ಮಾಡಿಯೂ ಬಿಟ್ಟಳು. 'ಕೇಳ್ರಪ್ಪೋ' ಎಂಬ ಆ್ಯಪು ಹುಟ್ಟಿದ್ದು ಹಾಗೆ. ಊರಿನ ಒಬ್ಬರು ಫೋನಿಗೆ ಮಾತಾಡಿದರೆ ಸಾಕು, ಊರಿನ ಫೋನುಗಳಿಗೆಲ್ಲ ಕೇಳುತ್ತದೆ. ನಾಲೆಗೆ ನೀರು ಬಿಟ್ಟದ್ದು ಕುಕ್ಕುವಾಡದವರಿಗೆ, ಪಂಪ್‌ಸೆಟ್ಟಿಗೆ ಕರೆಂಟು ಬರುವ ಹೊತ್ತು ಹದಡಿಯವರಿಗೆ, ಯಾರ ಮನೆ ಗೃಹಪ್ರವೇಶ ಎಂಬುದು ಹರಿಹರದ ಪಕ್ಕದ ಸಾರಥಿಯವರಿಗೆ.

ಹರಿಹರದ ಸುದ್ದಿ ಹೇಳುವವಳು ಚಿಗವ್ವ, ಅಂದರೆ ನಮ್ಮವ್ವನ ತಂಗಿ. ಅವಳ ಮನೆಯ ಪಡಸಾಲೆಯೇ ನಮ್ಮ ಆಫೀಸು. ಕೇಳುವವರು ಹೆಚ್ಚಿದಂತೆ ದನಿಗಳನ್ನೆಲ್ಲ ಇಡುವ ಕಂಪ್ಯೂಟರುಗಳ ಬಾಡಿಗೆಯೂ ಹೆಚ್ಚಿತು. ಸುಮಾಳ ಸಂಬಳ, ಚಿಗವ್ವನ ಹಾಲಿನ ದುಡ್ಡು ಎರಡೂ ಅದರ ಹೊಟ್ಟೆಗೇ ಹೋಗತೊಡಗಿದವು. ತಿಂಗಳ ಕೊನೆಗೆ ಬಾಗಿಲು ಹಾಕೋಣ ಎಂದು ಮೂವರೂ ಕೂತು ತೀರ್ಮಾನ ಮಾಡಿದ್ದೆವು. ಅಷ್ಟರಲ್ಲಿ, ಸುಮ ಯಾವುದೋ ಸ್ಪರ್ಧೆಗೆ ಕಳಿಸಿದ್ದ ವಿಡಿಯೋ ನೋಡಿ, ಯೂಟ್ರೆಕ್ಟ್ ಎಂಬ ಊರಿನ ಒಂದು ಸಂಸ್ಥೆ ಬರೆಯಿತು. ಮಾಧ್ಯಮ, ತಂತ್ರಜ್ಞಾನ ಅಂತ ಆಗತಾನೇ ಕಣ್ಣು ಬಿಡುತ್ತಿರುವ ಕಂಪನಿಗಳಿಗೆ ಬಂಡವಾಳ ಹಾಕುವುದೇ ಅವರ ಕಸುಬು. ಬನ್ನಿ ಮಾತಾಡೋಣ, ಬಂದು ಹೋಗುವ ಖರ್ಚು ನಮ್ಮದು, ಹಣ ಹಾಕುವ ಮೊದಲು ನಿಮ್ಮನ್ನು ಕೂಲಂಕಷವಾಗಿ ವಿಚಾರಿಸುತ್ತೇವೆ ಎಂದಿತ್ತು.

"ಲಾಭ ಬಂದ್ರೆ ಅವರಿಗೂ ಪಾಲು. ಮುಳುಗಿದ್ರೆ ಅವರದೂ ಹೋತು," ಎಂದು ನಾನು ಚಿಗವ್ವನಿಗೆ ಬಿಡಿಸಿ ಹೇಳಿದೆ.

"ಪಾಲಿಗೆ ಎಮ್ಮೆ ಬಿಟ್ಟಂಗೆ," ಅಂದಳು. ನನಗೆ ಇದನ್ನು ಅರ್ಥ ಮಾಡಿಸಲು ಸುಮ ಒಂದು ವಾರ ತೆಗೆದುಕೊಂಡಿದ್ದಳು. ಚಿಗವ್ವ ಅಲ್ಲಿಗೇ ಬಿಡಲಿಲ್ಲ. "ನಮ್ಮನ್ನ ವಿಚಾರಸ್ಲಿ, ಒಳ್ಳೇದೇ. ನಾವು ಯಾವಾಗ ಅವರನ್ನ ವಿಚಾರಸೋದು?"

"ಚಿಗವ್ವ, ದುಡ್ಡು ಕೊಡೋರು ಅವರು."

"ಕೂಸು ಕೊಡೋರು ನಾವಲ್ಲೇನೋ?"

ಇಲ್ಲಿ ಒಂದು ವಿಷಯ ಹೇಳಬೇಕು. ಹರಿಹರದಿಂದ ರಾಣೆಬೆನ್ನೂರಿನವರೆಗೆ ನಮ್ಮ ನೆಂಟರಲ್ಲಿ ಯಾರೇ ಹೆಣ್ಣು ಕೊಡಲಿ, ಗಂಡಿನ ಮನೆತನ ವಿಚಾರಿಸುವವಳು ಚಿಗವ್ವನೇ. ಅವಳು ಗಂಡಿನ ಮನೆಗೆ ಹೋಗುವುದೇ ಇಲ್ಲ. ಪಕ್ಕದ ಮನೆ, ಹಿಟ್ಟಿನ ಗಿರಣಿ, ಹಾಲು ಹಾಕುವವರು, ಕೊನೆಗೆ ಆ ಮನೆ ಬಿಟ್ಟು ಹೋದ ಸೊಸೆ ಯಾರಾದರೂ ಇದ್ದರೆ ಅವಳು. ಇಷ್ಟು ಜನರ ಹತ್ತಿರ ಕೂತು ಎಲೆ ಅಡಿಕೆ ಹಾಕಿ ಎದ್ದು ಬರುತ್ತಾಳೆ. ಅವಳು ಬ್ಯಾಡ ಅಂದ ಸಂಬಂಧ ಮಾಡಿದವರು ಆಮೇಲೆ ಅವಳ ಮುಂದೆ ಮುಖ ಎತ್ತುವುದಿಲ್ಲ.

ಸುಮಾಳಿಗೆ ಪರೀಕ್ಷೆ ಡ್ಯೂಟಿ ಬಿತ್ತು. ಚಿಗವ್ವನ ಹತ್ತಿರ ಪಾಸ್‌ಪೋರ್ಟ್ ಇತ್ತು. ನೇಪಾಳದ ಯಾತ್ರೆಗೆ ಬೇಕಾಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಮಾಡಿಸಿಟ್ಟಿದ್ದಳು. ಯಾತ್ರೆಗೆ ಅದು ಬೇಕಾಗಲಿಲ್ಲ. ಈಗ ಬೇಕಾಯಿತು.

ನಾವು ಹೊರಡುವಾಗ ಪಕ್ಕದ ಮನೆಯ ಕೊಟ್ರಮ್ಮನವರು ಅಂಗಳ ಗುಡಿಸುತ್ತಿದ್ದರು. ಚಿಗವ್ವನ ಬಚ್ಚಲ ನೀರು ಅವರ ಅಂಗಳಕ್ಕೆ ಹರಿಯುವ ವಿಷಯದಲ್ಲಿ ಇಬ್ಬರಿಗೂ ಮಾತು ಬಿಟ್ಟು ವರ್ಷಗಳಾಗಿವೆ. ಮಾತು ಬಿಟ್ಟಿದ್ದಾರೆಂದರೆ ಮಾತಿಗೇನೂ ಕೊರತೆಯಿಲ್ಲ, ನೇರವಾಗಿ ಆಡುವುದಿಲ್ಲ ಅಷ್ಟೇ.

"ಎಲ್ಲಿಗೋ ಹೊಂಟಂಗೈತೆ," ಎಂದು ಕೊಟ್ರಮ್ಮನವರು ತಮ್ಮ ಬೆಕ್ಕಿಗೆ ಹೇಳಿದರು. "ವಿಮಾನದಾಗೆ ಬಚ್ಚಲ ಇರತೈತೋ ಇಲ್ಲೋ."

"ಇರತೈತೆ," ಎಂದು ಚಿಗವ್ವ ಆಟೋದವನಿಗೆ ಹೇಳಿದಳು. "ಅದರ ನೀರು ಯಾರ ಅಂಗಳಕ್ಕೂ ಬರಲ್ಲ, ಚಿಂತಿ ಮಾಡಬ್ಯಾಡ ಅಂತ ಹೇಳಪ."

ಆಟೋದವನು ಬೇರೆ ಊರಿನವನು. ಅವನು ಗಾಡಿ ಶುರು ಮಾಡಿದ.

ಇಳಿದ ಜಾಗ

ವಿಮಾನ ಇಳಿದ ಕೂಡಲೇ ತಪಾಸಣೆಯವರು ಚಿಗವ್ವನ ಚೀಲ ಹಿಡಿದರು. ಶೇಂಗಾ ಚಟ್ನಿಪುಡಿಗೆ, ಖಡಕ್ ರೊಟ್ಟಿಗೆ ಯಾರೂ ಏನೂ ಅನ್ನಲಿಲ್ಲ. ವಿಭೂತಿ ಗಟ್ಟಿ ಕೈಗೆ ಸಿಕ್ಕಾಗ ಅಧಿಕಾರಿಯ ಮುಖ ಗಟ್ಟಿಯಾಯಿತು. ಬೆಳ್ಳಗೆ, ಚೌಕಾಕಾರ, ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿಟ್ಟದ್ದು. ಅವನ ಜಾಗದಲ್ಲಿ ನಾನಿದ್ದರೂ ಹಿಡಿಯುತ್ತಿದ್ದೆ. ನಾನು ಇಂಗ್ಲಿಷಿನಲ್ಲಿ ಬೂದಿ ಅಂದೆ. ಯಾರ ಬೂದಿ ಅಂದ. ಯಾರದೂ ಅಲ್ಲ, ಸಗಣಿಯದು ಅಂದೆ. ಅವನು ಇನ್ನೊಬ್ಬನನ್ನು ಕರೆದ.

ಚಿಗವ್ವ ಬೆರಳು ಒದ್ದೆ ಮಾಡಿಕೊಂಡು, ಗಟ್ಟಿಯ ಮೇಲೆ ಉಜ್ಜಿ, ಹಣೆಗೆ ಅಗಲವಾಗಿ ಮೂರು ಬೆರಳು ಎಳೆದು ತೋರಿಸಿದಳು. ಆಮೇಲೆ ಅದೇ ಕೈಯನ್ನು ಅಧಿಕಾರಿಯ ಹಣೆಯ ಕಡೆ ಚಾಚಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದು, ಹೋಗಿ ಹೋಗಿ ಎಂದು ಕೈ ಮಾಡಿದ. "ಪಾಪ, ಸ್ನಾನ ಆಗಿರಲಿಲ್ಲ ಕಾಣ್ತೈತೆ," ಅಂದಳು ಚಿಗವ್ವ.

ಯೂಟ್ರೆಕ್ಟ್: ಒಂದು ಬಿಸ್ಕತ್ತು

ನಾವು ಇಳಿದುಕೊಂಡದ್ದು ಒಬ್ಬ ಅಜ್ಜಿಯ ಮನೆಯ ಮೇಲಿನ ಕೋಣೆಯಲ್ಲಿ. ಮೆಟ್ಟಿಲು ನಮ್ಮ ಅಟ್ಟದ ಏಣಿಯಷ್ಟು ಕಡಿದು. ಚಿಗವ್ವ ಸೀರೆ ಎತ್ತಿ ಕಟ್ಟಿ, ಶಿವ ಶಿವ ಅನ್ನುತ್ತ ಹತ್ತಿದಳು. ಅಜ್ಜಿ ಕಾಫಿ ಕೊಟ್ಟು, ಬಿಸ್ಕತ್ತಿನ ಡಬ್ಬಿ ತೆರೆದು ಮುಂದೆ ಹಿಡಿದಳು. ಚಿಗವ್ವ ಮರ್ಯಾದೆಗೆ "ಬ್ಯಾಡ್ರಿ" ಅಂದಳು. ಡಬ್ಬಿ ನನ್ನ ಕಡೆ ಬಂತು. ನಾನೊಂದು ತೆಗೆದುಕೊಂಡೆ. ಡಬ್ಬಿಯ ಮುಚ್ಚಳ ಬಿತ್ತು, ಡಬ್ಬಿ ಕಪಾಟಿಗೆ ಹೋಯಿತು.

ಚಿಗವ್ವ ಕಪಾಟನ್ನೇ ನೋಡುತ್ತ ಕೂತಳು. ನಮ್ಮಲ್ಲಿ ಮಂಡಕ್ಕಿ ತಟ್ಟೆಗೆ ಕೈ ಅಡ್ಡ ಹಿಡಿದು ಬ್ಯಾಡ ಅಂದರೆ ಕೈಯ ಮೇಲೇ ಸುರಿಯುತ್ತಾರೆ. ಎರಡು ಮೆಣಸಿನಕಾಯಿ ಬೋಂಡ ಜಾಸ್ತಿ ಬೀಳುವುದು ಬ್ಯಾಡ ಅಂದವರಿಗೇ. ಇಲ್ಲಿ ಬ್ಯಾಡ ಅಂದರೆ ಬ್ಯಾಡವೇ. ನಾಳಿದ್ದು ಹಣದ ಮಾತಿಗೆ ಕೂತಾಗ ಬಾಯಿತಪ್ಪಿಯೂ ಆ ಪದ ಬರಬಾರದೆಂದು ನಾನು ನನಗೇ ತಾಕೀತು ಮಾಡಿಕೊಂಡೆ.

ಮರುದಿನ ಬೆಳಗಿನ ತಿಂಡಿಗೆ ಅಜ್ಜಿ ಬ್ರೆಡ್ಡಿನ ಮೇಲೆ ಬೆಣ್ಣೆ ಬಳಿದು ತಂದಳು. ಬೆಣ್ಣೆ ಕಂಡು ದಾವಣಗೆರೆಯವನ ಜೀವಕ್ಕೆ ಸಮಾಧಾನವಾಯಿತು. ಅದರ ಮೇಲೆ ಕರ್ರಗೆ ಸಾಸಿವೆಯಂಥದ್ದು ಉದುರಿಸಿದಳು. ಆಹಾ, ಒಗ್ಗರಣೆ ಎಂದು ಬಾಯಿಗಿಟ್ಟೆ. ಚಾಕಲೇಟು. ದೊಡ್ಡವರು, ಕನ್ನಡಕ ಹಾಕಿದವರು, ಬ್ಯಾಂಕಿನ ಕೆಲಸದವರು ಬೆಳಿಗ್ಗೆ ಎದ್ದು ಇದನ್ನು ತಿಂದು ಹೋಗುತ್ತಾರಂತೆ. ಚಿಗವ್ವ ತನ್ನ ರೊಟ್ಟಿ ಬಿಚ್ಚಿದಳು. ಆ ಬೆಣ್ಣೆಗೆ ಚಟ್ನಿಪುಡಿ ಕಲಸಿ ಇಬ್ಬರೂ ತಿಂದೆವು. ಅಜ್ಜಿಗೂ ಕೊಟ್ಟಳು. ಅಜ್ಜಿ ಬೇಡ ಅಂದಳು. ಚಿಗವ್ವ ಕೇಳುವವಳಲ್ಲ, ತಟ್ಟೆಗೆ ಹಾಕಿಯೇ ಬಿಟ್ಟಳು. ಅಜ್ಜಿಯ ಕಣ್ಣಲ್ಲಿ ನೀರು ಬಂತು, ಖಾರಕ್ಕೆ.

ಈ ಊರಿನ ಮನೆಗಳಿಗೆ ಪರದೆಯೇ ಇಲ್ಲ. ರಸ್ತೆಯಲ್ಲಿ ನಿಂತರೆ ಯಾರು ಉಣ್ಣುತ್ತಿದ್ದಾರೆ, ಯಾರು ಬಟ್ಟೆ ಮಡಿಸುತ್ತಿದ್ದಾರೆ ಎಲ್ಲ ಕಾಣುತ್ತದೆ. ನಾನು ಸಂಕೋಚದಿಂದ ತಲೆ ತಗ್ಗಿಸಿ ನಡೆದರೆ ಚಿಗವ್ವ ಒಂದೊಂದು ಕಿಟಕಿಯ ಮುಂದೂ ನಿಂತು ನೋಡಿ, "ಇಲ್ಲಿ ಮನೆತನ ವಿಚಾರಸೋದು ಭಾಳ ಸಲೀಸೈತೆ," ಎಂದಳು. ಅವಳ ಹಿಂದೆ ಸರಿದು ನಿಲ್ಲಲು ಹೋಗಿ ನಾನು ಕೆಂಪು ದಾರಿಗೆ ಕಾಲಿಟ್ಟೆ. ಅದು ಸೈಕಲ್ಲಿನವರ ದಾರಿ. ಮುಂದೆ ಪೆಟ್ಟಿಗೆಯಲ್ಲಿ ಮಕ್ಕಳನ್ನು ತುಂಬಿಕೊಂಡು ಬಂದ ತಾಯೊಬ್ಬಳು ಗಂಟೆ ಬಾರಿಸಿ, ಏನೋ ಬೈದು ಹೋದಳು. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಲಾರಿಗಳ ನಡುವೆ ಆಟೋ ಓಡಿಸಿದವನು ನಾನು. ಸೈಕಲ್ಲಿಗೆ ಹೆದರಿದ್ದು ಅಲ್ಲೇ ಮೊದಲು.

ಸೈಕಲ್ ಅಂಗಡಿ

ಆ ಸಂಸ್ಥೆಯ ಆಫೀಸು ಕಾಲುವೆಯ ದಂಡೆಯ ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ. ರಸ್ತೆಗಿಂತ ಕೆಳಗೆ, ನೀರಿನ ಮಟ್ಟದಲ್ಲಿ, ನೆಲಮಾಳಿಗೆಯಂಥ ಅಂಗಡಿಗಳ ಸಾಲು. ಸರಿಯಾಗಿ ಅವರ ಆಫೀಸಿನ ಬುಡದಲ್ಲೇ ಒಂದು ಸೈಕಲ್ ರಿಪೇರಿ ಅಂಗಡಿ. ಮಾತುಕತೆ ಮರುದಿನಕ್ಕಿತ್ತು. ಚಿಗವ್ವ ಹಿಂದಿನ ದಿನವೇ ಅಲ್ಲಿಗೆ ಇಳಿದಳು. ನಾನು ಬ್ಯಾಡ ಬ್ಯಾಡ ಅನ್ನುತ್ತ ಹಿಂದೆ ಹೋದೆ.

ಅಂಗಡಿಯವನ ಹೆಸರು ಹೆಂಕ್. ಐವತ್ತು ದಾಟಿದ, ಕೈತುಂಬ ಗ್ರೀಸು ಮೆತ್ತಿಕೊಂಡ ಮನುಷ್ಯ. ಚಿಗವ್ವ ಅವನ ಸ್ಟೂಲು ತಾನೇ ಎಳೆದುಕೊಂಡು ಕೂತು ಮೇಲೆ ಬೆರಳು ತೋರಿಸಿದಳು. "ಮ್ಯಾಲಿನೋರು ಕುಡಿತಾರೇನು ಕೇಳು."

"ಮೇಲಿನ ಆಫೀಸಿನ ವಾತಾವರಣ ಹೇಗಿದೆ ಎಂದು ನಮ್ಮ ಹಿರಿಯರು ತಿಳಿಯಬಯಸುತ್ತಾರೆ," ಎಂದೆ ನಾನು ಇಂಗ್ಲಿಷಿನಲ್ಲಿ.

ಹೆಂಕ್ ಚಿಗವ್ವನ ಮುಖ ನೋಡಿದ. "ಆಕೆ ಕೇಳಿದ್ದು ಚಿಕ್ಕದು, ನೀವು ಹೇಳಿದ್ದು ಉದ್ದ. ಆಕೆ ಕೇಳಿದ್ದನ್ನೇ ಹೇಳಿ."

ಮರ್ಯಾದೆ ಹೋದರೆ ಹೋಗಲಿ ಎಂದು ಹೇಳಿದೆ. ಅವನು ಜೋರಾಗಿ ನಕ್ಕ. ಶುಕ್ರವಾರ ಸಂಜೆ ಕುಡಿಯುತ್ತಾರೆ, ಜೊತೆಗೆ ನಾನೂ ಇರುತ್ತೇನೆ ಅಂದ. ಮನೆಯೊಳಗೆ ಜಗಳ ಐತಾ ಅಂದಳು. ಯಜಮಾನರು ಇಬ್ಬರು, ಮಾರೈಕೆ ಎಂಬಾಕೆ ಮತ್ತು ಅವಳ ಪಾಲುದಾರ. ಇಬ್ಬರೂ ಕೂಗಾಡುವುದು ಕಾಲುವೆಯ ಆಚೆ ದಂಡೆಗೂ ಕೇಳುತ್ತದೆ, ಆಮೇಲೆ ಒಟ್ಟಿಗೆ ಕೂತು ಬ್ರೆಡ್ಡು ತಿನ್ನುತ್ತಾರೆ ಅಂದ. ಚಿಗವ್ವ ತಲೆಯಾಡಿಸಿದಳು. ಕೂಗಾಡಿ ಒಟ್ಟಿಗೆ ಉಣ್ಣುವ ಮನೆ ಅವಳಿಗೆ ಪಾಸು.

"ಮೊದಲು ಬಂದ ಸೊಸೇರು ಹೆಂಗದಾರೆ ಕೇಳು."

ಅದನ್ನು ಬಿಡಿಸಿ ಹೇಳಬೇಕಾಯಿತು. ಹಿಂದೆ ಇವರು ಬಂಡವಾಳ ಹಾಕಿದ್ದರಲ್ಲ, ಆ ಕಂಪನಿಗಳು. ಹೆಂಕ್ ಕೈ ಒರೆಸಿಕೊಂಡು ನಮ್ಮ ಎದುರು ಒಂದು ಟೈರಿನ ಮೇಲೆ ಕೂತ.

"ಅಂಥ ಸೊಸೆಯರಲ್ಲಿ ನಾನೂ ಒಬ್ಬ," ಅಂದ.

ಫೋನಿನಲ್ಲಿ ಕೇಳುವ ರೇಡಿಯೋ ಮಾಡಿದ್ದನಂತೆ, ಬಡಾವಣೆ ಬಡಾವಣೆಗೂ ಬೇರೆ ಬೇರೆ. ಇವರು ಹಣ ಹಾಕಿದರು. ಮುಳುಗಿತು. ಮುಳುಗಿದ ದಿನ ಮಾರೈಕೆ ಬಂದು ಮೇಜು ಕುರ್ಚಿ ಹೊರಲು ಕೈ ಕೊಟ್ಟಳು. ಈ ಅಂಗಡಿ ತೆರೆದಾಗ ರಿಪೇರಿಗೆ ಬಂದ ಮೊದಲ ಸೈಕಲ್ಲೂ ಅವಳದೇ. "ಏನೂ ಕೆಟ್ಟಿರಲಿಲ್ಲ. ಅವಳೇ ಬೆಲ್ಲು ಬಿಚ್ಚಿಕೊಂಡು ತಂದಿದ್ದಳು," ಎಂದು ನಕ್ಕ.

"ಯಾಕ ಮುಳುಗಿತಂತೆ?"

"ಜನ ಎಲ್ಲಿ ಹೆಚ್ಚು ಕಿವಿಗೊಡುತ್ತಿದ್ದರೋ ಅಲ್ಲೇ ಜಾಹೀರಾತು ಹಾಕೋಣ ಅಂದರು. ನಾನೂ ಹೂಂ ಅಂದೆ. ಜನ ಕೇಳುವುದನ್ನೇ ಬಿಟ್ಟರು."

ಅವನು ಒಂದು ಪೊಟ್ಟಣ ಒಡೆದ. ಎರಡು ತೆಳ್ಳನೆ ಬಿಸ್ಕತ್ತಿನ ನಡುವೆ ಬೆಲ್ಲದ ಪಾಕದಂಥದ್ದು ತುಂಬಿದ ತಿಂಡಿ. ಪೊಟ್ಟಣವನ್ನು ಮುಚ್ಚದೆ ಚಿಗವ್ವನ ತೊಡೆಯ ಮೇಲೇ ಇಟ್ಟ. ಫೋಟೋ ತೆಗೆದದ್ದು ಆಗ. ಹಲ್ಲಿಗೆ ಅಂಟಿದ್ದನ್ನು ಬಿಡಿಸಿಕೊಂಡ ಮೇಲೆ ಚಿಗವ್ವ ತೀರ್ಪು ಹೇಳಿದಳು. "ಬಿಟ್ಟೋದ ಸೊಸೇನೇ ಒಳ್ಳೆ ಮಾತಾಡ್ತೈತೆ. ಮನೆತನ ಚಲೋ ಐತೆ. ಆಸೆ ಒಂಚೂರು ಜಾಸ್ತಿ."

ಮೂರನೇ ಮಹಡಿ

ಮಾರೈಕೆ ಬಾಗಿಲಷ್ಟು ಎತ್ತರದ ಹೆಂಗಸು. ಕೈ ಕುಲುಕಿದ ಮೇಲೆ ಹವೆ, ಪ್ರಯಾಣ, ಊಟ ಅಂತ ಒಂದು ಮಾತೂ ಇಲ್ಲ.

"ನಾನು ಕುಡಿಯುತ್ತೇನಾ ಎಂದು ಹೆಂಕ್‌ನನ್ನು ಕೇಳಿದಿರಂತೆ," ಅಂದಳು.

ಸುಮ ಬರೆಸಿ ಬಾಯಿಪಾಠ ಮಾಡಿಸಿದ್ದೆಲ್ಲ ಮರೆತುಹೋಯಿತು. ಹೇಗೋ ನಮ್ಮ ಆ್ಯಪಿನ ಲೆಕ್ಕಗಳ ಒಂದೊಂದೇ ಸ್ಲೈಡು ತೋರಿಸಿ ಮುಗಿಸಿದೆ. ಅವಳು ಎಲ್ಲ ಕೇಳಿಸಿಕೊಂಡು ಒಂದು ಸ್ಲೈಡಿಗೆ ವಾಪಸು ಹೋಗಿ ಅಂದಳು. ನಮ್ಮ ಜನ ಅತಿ ಹೆಚ್ಚು ಕೇಳುವುದು ಸಾವಿನ ಸುದ್ದಿ ಎಂದು ತೋರಿಸುವ ಸ್ಲೈಡು ಅದು.

"ಇದರ ಮೊದಲು ಒಂದು ಚಿಕ್ಕ ಜಾಹೀರಾತು. ಒಪ್ಪಿದರೆ ಇವತ್ತೇ ಸಹಿ ಹಾಕೋಣ."

ಚಿಗವ್ವನಿಗೆ ಹೇಳಿದೆ. ಮನಸ್ಸಿನೊಳಗೆ ನಾನು ಆಗಲೇ ಒಪ್ಪಿಬಿಟ್ಟಿದ್ದೆ. ತಿಂಗಳು ಮುಗಿಯುತ್ತಾ ಬಂದಿತ್ತು. ಬಾಗಿಲು ಹಾಕಿದರೆ ನಾಲೆಯ ನೀರಿನ ಸುದ್ದಿಯೂ ಇಲ್ಲ, ಸಾವಿನ ಸುದ್ದಿಯೂ ಇಲ್ಲ. ಸುಮ ನಿದ್ದೆಗೆಟ್ಟು ಮಾಡಿದ್ದು ಮಣ್ಣುಪಾಲು.

"ಆಗಲ್ಲ ಅಂತ ಹೇಳು," ಅಂದಳು ಚಿಗವ್ವ.

"ಚಿಗವ್ವ, ಇಲ್ಲಿ ಒಂದು ಸಲ ಬ್ಯಾಡ ಅಂದ್ರೆ ಡಬ್ಬಿ ಮುಚ್ಚಿಬಿಡ್ತಾರೆ."

"ಮುಚ್ಚಲಿ. ಹೆಣ ಮನ್ಯಾಗೆ ಇರೋವಾಗ ಬಾಗಿಲಾಗೆ ಯಾರಾದ್ರೂ ಬಟ್ಟೆ ಅಂಗಡಿ ಹಾಕ್ತಾರೇನೋ?"

ಹಾಗೇ ಹೇಳಿದೆ. ಮಾರೈಕೆ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಆಮೇಲೆ, "ನೀವು ನಮ್ಮ ನೆರೆಯವರನ್ನು ವಿಚಾರಿಸಿದಿರಿ. ಇಷ್ಟು ವರ್ಷದಲ್ಲಿ ಯಾರೂ ಹಾಗೆ ಮಾಡಿರಲಿಲ್ಲ. ಒಳ್ಳೆಯ ಪದ್ಧತಿ," ಅಂದಳು. "ನಿಮ್ಮ ನೆರೆಯವರಿಗೆ ಈಗಲೇ ಫೋನ್ ಮಾಡಿ. ನಾನೂ ವಿಚಾರಿಸಬೇಕು."

ಇದನ್ನು ಹೇಳಿದಾಗ ಚಿಗವ್ವನ ಮುಖ ಇಳಿದುಹೋಯಿತು. ಅವಳನ್ನು ಹಾಗೆ ನಾನು ಆ ಮೊದಲು ನೋಡಿರಲಿಲ್ಲ. ಬಲಗಡೆ ಖಾಲಿ ಸೈಟು. ಎಡಗಡೆ ಕೊಟ್ರಮ್ಮ.

"ಎದುರುಮನೆ ಅನ್ನು," ಎಂದು ಪಿಸುಗುಟ್ಟಿದಳು.

"ಎದುರಿಗೆ ರೈಲ್ವೆ ಗೋಡೆ ಐತಲ್ಲ ಚಿಗವ್ವ."

ಅವಳು ಕಣ್ಣು ಮುಚ್ಚಿದಳು. "ಮಾಡು. ಕೇಳಾಕೆ ಹೋದೋರು ಕೇಳಿಸ್ಕೊಳ್ಳಾಕೂ ತಯಾರಿರಬೇಕು."

ಹರಿಹರದಲ್ಲಿ ಆಗ ಮಧ್ಯಾಹ್ನದ ನಿದ್ದೆಯ ಹೊತ್ತು. ಸ್ಪೀಕರಿನಲ್ಲಿ ಗಂಟೆ ಬಹಳ ಹೊತ್ತು ಹೊಡೆಯಿತು.

"ಕೊಟ್ರಮ್ಮಾರೆ, ನಾನ್ರಿ, ಬಕ್ಕೇಶ."

"ಯಾಕ, ಏನಾತು ಆಕಿಗೆ?" ದನಿ ಒಂದೇ ಸಲಕ್ಕೆ ಎದ್ದು ಕೂತಿತು.

"ಏನೂ ಆಗಿಲ್ರಿ. ಆರಾಮಿದಾಳೆ."

"ಮತ್ಯಾಕ ನಿದ್ದಿ ಕೆಡಿಸಿದಿ?"

ವಿಷಯ ಹೇಳಿದೆ. ಇವರು ನಮಗೆ ಬಂಡವಾಳ ಹಾಕುವವರು, ಚಿಗವ್ವ ಎಂಥವಳೆಂದು ನಿಮ್ಮನ್ನೇ ಕೇಳುತ್ತಿದ್ದಾರೆ ಅಂದೆ. ಆಕಿನೂ ಅಲ್ಲೇ ಕುಂತಾಳೇನು ಎಂದು ಕೇಳಿದರು. ಹೂಂ ಅಂದೆ. "ಚಲೋ ಆತು," ಅಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಫೋನಿನಲ್ಲೇ ಗೊತ್ತಾಯಿತು.

"ಬಾಯಿಬಡಕಿ ಅಂತ ಹೇಳು. ಬಚ್ಚಲ ನೀರು ನಮ್ಮಂಗಳಕ್ಕೆ ಬಿಟ್ಟು ಕರಿಬೇವಿನ ಗಿಡ ಕೊಳಿಸಿದಳು. ಜಗಮೊಂಡಿ. ಮುಂಜಾನೆ ಆಕಿ ಮುಖ ನೋಡಿದ್ರೆ ಅವತ್ತು ಹಾಲು ಒಡಿತೈತೆ."

ಹಿಂದಿನ ದಿನ ಹೆಂಕ್ ಕಲಿಸಿದ ಪಾಠ ನೆನಪಿತ್ತು. ಒಂದಕ್ಷರ ಬಿಡದೆ ಹೇಳಿದೆ, ಹಾಲು ಒಡೆಯುವುದನ್ನೂ ಸೇರಿಸಿ. ಮಾರೈಕೆ ಬರೆದುಕೊಂಡಳು. ಚಿಗವ್ವ ಕೈಕಟ್ಟಿ ಕಿಟಕಿಯಾಚೆ ನೋಡುತ್ತಿದ್ದಳು. ಮುಗಿಯಿತು ಕತೆ, ಹೋಗಿ ಮತ್ತೆ ಆಟೋಕ್ಕೆ ಮೈಕ್ ಕಟ್ಟಬೇಕು ಎಂದುಕೊಂಡೆ.

"ಸುದ್ದಿ ವಿಷಯ ಬ್ಯಾರೆ," ಅಂದರು ಕೊಟ್ರಮ್ಮ.

ಫೋನಿನಲ್ಲಿ ಫ್ಯಾನು ಆರಿಸಿದ ಸದ್ದು ಕೇಳಿತು.

"ನಮ್ಮ ಯಜಮಾನ್ರು ಹೋದಾಗ ನಮಗೂ ಆಕಿಗೂ ಮಾತಿರಲಿಲ್ಲ. ನನಗೆ ದನಿನೇ ಬರವಲ್ದು, ಯಾರಿಗೆ ಹೇಳ್ಲಿ? ಗ್ವಾಡಿ ಆಚೆಯಿಂದ ಆಕಿ ಫೋನಿನಾಗೆ ಸುದ್ದಿ ಹೇಳೋ ದನಿ ಕೇಳ್ತು. ಇವರ ಹೆಸರು ಹೇಳಿದಳು, ಅವರಪ್ಪನ ಹೆಸರು ಹೇಳಿದಳು. ತಮ್ಮ ಗಿರಣಿಯಾಗೆ ಯಾರ ಹಿಟ್ಟೂ ಒಂದು ಹಿಡಿ ಕಮ್ಮಿ ಮಾಡಿದೋರಲ್ಲ ಅಂದಳು. ನಡುವೆ ಗಂಟಲು ಕಟ್ತು. ನಿಲ್ಲಿಸಿ, ಮತ್ತೆ ಮೊದಲಿಂದ ಹೇಳಿದಳು. ಸಾರಥಿ ಮಂದಿಯೆಲ್ಲ ಮಣ್ಣಿಗೆ ಬಂದ್ರು. ಆಕಿ ಹೇಳಿದ್ದಕ್ಕೇ ಬಂದ್ರು."

ಹೇಳುತ್ತ ಹೇಳುತ್ತ ನನ್ನ ಇಂಗ್ಲಿಷೂ ತಡವರಿಸಿತು. ಮಾರೈಕೆ ಮೆಲ್ಲಗೆ ಕೇಳಿದಳು. ಆ ಸುದ್ದಿಯ ಮೊದಲು ಒಂದು ಸೋಪಿನ ಜಾಹೀರಾತು ಬಂದಿದ್ದರೆ?

"ಯಾವ ಪುಣ್ಯಾತ್ಮ ಅವನು, ನನ್ನ ಗಂಡನ ಹೆಣದ ಮುಂದೆ ಸೋಪು ಮಾರೋನು? ಅವನ ನಂಬರು ಕೊಡು."

"ನಿಮ್ಮ ನಂಬರು ಕೇಳುತ್ತಿದ್ದಾರೆ," ಎಂದೆ ಮಾರೈಕೆಗೆ.

ಅವಳು ಪೆನ್ನು ಕೆಳಗಿಟ್ಟಳು. ಎದ್ದು ಪಕ್ಕದ ಕೋಣೆಗೆ ಹೋದಳು. ಪಾಲುದಾರನ ಜೊತೆ ಕೂಗಾಡುವುದು ಕೇಳಿಸಿತು, ಅವರ ಭಾಷೆಯಲ್ಲಿ, ಕಾಲುವೆಯ ಆಚೆ ದಂಡೆಗೂ ಕೇಳುವಷ್ಟು. ಆಮೇಲೆ ಬ್ರೆಡ್ಡಿನ ತಟ್ಟೆ ಹಿಡಿದು ಇಬ್ಬರೂ ಒಟ್ಟಿಗೆ ಹೊರಗೆ ಬಂದರು. ಅಂದುಕೊಂಡದ್ದಕ್ಕಿಂತ ಬಂಡವಾಳ ಕಡಿಮೆ. ಸಾವಿನ ಸುದ್ದಿಗೆ ಯಾರೂ ಕೈ ಹಚ್ಚುವುದಿಲ್ಲ ಎಂದು ಬರೆದುಕೊಟ್ಟರು. ಸಹಿ ಹಾಕುವಾಗ ಮಾರೈಕೆ, "ಬೈಗುಳವನ್ನೂ ಬಿಡದೆ ಹೇಳಿದಿರಲ್ಲ, ಅದಕ್ಕೇ ಉಳಿದದ್ದನ್ನೂ ನಂಬಿದೆ," ಅಂದಳು.

ಮತ್ತೆ ಹರಿಹರ

ವಾಪಸು ಬರುವಾಗ, ವಿಮಾನ ಹತ್ತುವ ಮೊದಲು ಚಿಗವ್ವ ಅಂಗಡಿಯಲ್ಲಿ ಆ ಹಲ್ಲಿಗೆ ಅಂಟುವ ಬಿಸ್ಕತ್ತಿನ ಪೊಟ್ಟಣ ಕೊಂಡಳು. ಯಾರಿಗೆ ಅಂದೆ. "ನಿನಗ್ಯಾಕ?" ಅಂದಳು.

ಆಟೋ ನಿಂತಾಗ ಕೊಟ್ರಮ್ಮನವರು ಅಂಗಳದಲ್ಲೇ ಇದ್ದರು. ಚಿಗವ್ವ ಪೊಟ್ಟಣವನ್ನು ಎರಡು ಮನೆಯ ನಡುವಿನ ಗೋಡೆಯ ಮೇಲಿಟ್ಟು, ಆಟೋದವನ ಕಡೆ ತಿರುಗಿದಳು.

"ಹಲ್ಲಿಗೆ ಅಂಟತೈತೆ, ಚಾದಾಗೆ ಅದ್ದಿಕೊಂಡು ತಿನ್ನಬೇಕು ಅಂತ ಹೇಳಪ."

"ಬಿಸ್ಕತ್ತಿಗೆ ಕರಿಬೇವು ಚಿಗುರಲ್ಲ ಅಂತ ಹೇಳು," ಎಂದು ಕೊಟ್ರಮ್ಮನವರು ಬೆಕ್ಕಿಗೆ ಹೇಳಿ, ಪೊಟ್ಟಣ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ದಾವಣಗೆರೆಯಲ್ಲಿ ನಾನು, ಸುಮ ಇಬ್ಬರೂ ಚಹಾ ಕುಡಿಯುತ್ತಿದ್ದೆವು. ಫೋನಿನಲ್ಲಿ ಹರಿಹರದ ಸುದ್ದಿ ಬಂತು, ಚಿಗವ್ವನ ದನಿಯಲ್ಲಿ.

"ಕೇಳ್ರಪ್ಪೋ ಕೇಳ್ರಿ. ಹಾಲಮ್ಮನ ಮನೆ ಬಚ್ಚಲ ನೀರು ರಸ್ತೆ ಮೋರಿ ಕಡೆ ತಿರುಗಿಸಬೇಕಾಗೈತೆ. ಪೈಪು ಹಾಕೋರು ಯಾರಾದ್ರೂ ಇದ್ರೆ ಲಗೂನ ಬರ್ರಿ. ನನ್ನ ಮನಸ್ಸು ತಿರುಗೋದ್ರಾಗೆ ಬರ್ರಿ."